ಹರಿಕಾರನ ನಾಲ್ಕು ಪುಟಗಳು

ಅಡಿಲೇಡಿನ ಅಂಕಲ್ ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಅವರು ನನಗೆ ಸಂಬಂಧಿಯಲ್ಲ. ಅವರು ಮದ್ದೂರಿನ ಕಡೆಯವರು, ನಾನು ಮೈಸೂರಿನವಳು. ನಂಟು ಅಂದರೆ ಅಷ್ಟೇ. ಆದರೂ ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಪೂರ್ತಿಯಾಗಿ ನಂಬಿ ತಮ್ಮ ಮನೆಯ ಕಥೆಯೊಂದನ್ನು ಕೈಗೆ ಕೊಟ್ಟವರು ಅವರೊಬ್ಬರೇ. ಆ ಕಥೆಯನ್ನು ನಾನು ನಡೆಸಿಕೊಂಡ ರೀತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ನಾಚಿಕೆ ಅನ್ನುವುದು ಹಗುರವಾದ ಮಾತು. ಸಂಕಟವೇ ಆಗುತ್ತದೆ.

ಆಗ ನಾನು ಪರ್ತ್‌ನ ಬೆಂಟ್ಲಿಯಲ್ಲಿ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಮೈಸೂರಿನಲ್ಲಿ ಎಂಟು ವರ್ಷ ಪಾಠ ಹೇಳಿ ಬಂದವಳು ಇಲ್ಲಿ ಮತ್ತೆ ವಿದ್ಯಾರ್ಥಿನಿಯಾಗಿದ್ದೆ. ಗಂಡ ಬೆಳಿಗ್ಗೆ ಕಾರು ಹತ್ತಿ ಜೂಂಡಲಪ್‌ನ ಆಫೀಸಿಗೆ ಹೋದರೆ ನಾನು ಬಸ್ಸು ಹಿಡಿಯುತ್ತಿದ್ದೆ. ವಾರಕ್ಕೆ ಮೂರು ದಿನ ಒಂದು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ನಿಂತು ಹಾಲು, ಸಿಗರೇಟು, ಮೀಟ್ ಪೈ ಮಾರುತ್ತಿದ್ದೆ. ಇಲ್ಲಿನವರು ಅದಕ್ಕೆ ಸರ್ವೋ ಅನ್ನುತ್ತಾರೆ. ಅಲ್ಲಿಗೆ ಬರುವ ನಮ್ಮ ಕಡೆಯ ಹುಡುಗರು, "ಮೇಡಂ, ನೀವು ಇಲ್ಲಿ?" ಅಂದಾಗ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನೆಲ್ಲ ನನ್ನ ಪ್ರಬಂಧದ ಮೇಲೆ ಹಾಕಿದ್ದೆ. ಏನಾದರೂ ದೊಡ್ಡದನ್ನು ಹುಡುಕಿ ತೆಗೆಯಲೇಬೇಕು ಅನ್ನುವ ಹಟ ಹಿಡಿದಿತ್ತು.

ನನ್ನ ವಿಷಯ ಇದು: ಕುಂಪಣಿಯವರು ಮೈಸೂರನ್ನು ಗೆಲ್ಲುವ ಮೊದಲು ಮೈಸೂರನ್ನು ತಿಳಿದುಕೊಂಡದ್ದು ಹೇಗೆ? ಫಿರಂಗಿ ಹೊಡೆದು ಕೋಟೆ ಒಡೆದರು ಎಂದು ಶಾಲೆಯಲ್ಲಿ ಓದಿರುತ್ತೇವೆ. ಆ ಫಿರಂಗಿಯನ್ನು ಎಳೆಯುವ ಎತ್ತಿಗೆ ಮೇವು ಎಲ್ಲಿ ಸಿಗುತ್ತದೆ, ಬೇಸಿಗೆಯಲ್ಲಿ ಯಾವ ಕೆರೆಯಲ್ಲಿ ನೀರು ನಿಲ್ಲುತ್ತದೆ, ಯಾವ ಘಾಟಿಯನ್ನು ಗಾಡಿ ಹತ್ತುತ್ತದೆ, ಯಾವ ಪಾಳೆಯಗಾರನಿಗೆ ಸುಲ್ತಾನನ ಮೇಲೆ ಅಸಮಾಧಾನ, ಇದನ್ನೆಲ್ಲ ಯಾರೋ ಕೇಳಿ ಕೇಳಿ ಬರೆದುಕೊಂಡಿದ್ದರು. ಸುಲ್ತಾನನೇನೂ ಸುಮ್ಮನಿರಲಿಲ್ಲ. ಅವನ ಹರಿಕಾರರು ಮದರಾಸಿನವರೆಗೂ ಓಡಾಡಿ ಸುದ್ದಿ ತರುತ್ತಿದ್ದರು. ಈಗ ಹರಿಕಾರ ಅಂದರೆ ಮುಂದಾಳು ಎಂದುಕೊಳ್ಳುತ್ತೇವೆ. ಆ ಕಾಲದಲ್ಲಿ ಅವನು ಸುದ್ದಿ ಹೊತ್ತು ನಡೆಯುವವನು, ಬೇಕಾದಾಗ ಬೇಹುಗಾರ.

ಕುಂಪಣಿಯ ಕಡೆ ಕೇಳಿ ಬರೆದುಕೊಳ್ಳುವ ಕೆಲಸ ಮುನ್ಷಿಗಳದ್ದು. ನಾಲ್ಕೈದು ಭಾಷೆ ಬಲ್ಲ ಪಂಡಿತರು, ನಮ್ಮ ಊರುಗಳವರೇ. ಅವರಲ್ಲಿ ಒಬ್ಬನ ಹಿಂದೆ ನಾನು ಮೂರು ವರ್ಷ ಬಿದ್ದಿದ್ದೆ. ಅವನ ಹೆಸರು ಎಲ್ಲಿಯೂ ಇಲ್ಲ, ಕೈಬರಹ ಮಾತ್ರ ಇದೆ. ತಲೆಕಟ್ಟನ್ನು ಬಲಕ್ಕೆ ಸ್ವಲ್ಪ ಉದ್ದ ಎಳೆದುಬಿಡುತ್ತಿದ್ದ. ಸಾವಿರ ಹಾಳೆಗಳ ಮಧ್ಯೆಯೂ ಅದನ್ನು ಗುರುತು ಹಿಡಿಯುತ್ತಿದ್ದೆ. ದಂಡಿನ ಜೊತೆ ಹೋಗುತ್ತಲೇ ಅವನು ಊರೂರಿನ ಸ್ಥಳಪುರಾಣ, ಗಿಡಮೂಲಿಕೆ, ಹೆಂಗಸರು ಭತ್ತ ಕುಟ್ಟುತ್ತ ಹೇಳುವ ಪದ, ಎಲ್ಲ ಬರೆದಿಟ್ಟಿದ್ದ. ನನ್ನ ಮಾರ್ಗದರ್ಶಕಿ ಅವನನ್ನು ಮಾಹಿತಿದಾರ ಅಂದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಅವನು ವಿದ್ವಾಂಸ, ನಮ್ಮಂಥವನೇ, ಅನ್ನುತ್ತಿದ್ದೆ.

ಅಂಕಲ್ ಸಿಕ್ಕಿದ್ದು ಅಡಿಲೇಡಿನ ಕನ್ನಡದವರ ರಾಜ್ಯೋತ್ಸವದಲ್ಲಿ. ಯಾರೋ ನನ್ನನ್ನು ಭಾಷಣಕ್ಕೆ ಕರೆದಿದ್ದರು. ಮಕ್ಕಳ ಫ್ಯಾನ್ಸಿ ಡ್ರೆಸ್ಸಿಗೂ ಬಿಸಿಬೇಳೆಬಾತಿಗೂ ನಡುವೆ ಹತ್ತು ನಿಮಿಷ ಕೊಟ್ಟಿದ್ದರು. ಹರಿಕಾರರ ಬಗ್ಗೆ ಹೇಳಿದೆ. ಕೇಳಿದವರು ಕಡಿಮೆ. ಮುಗಿಸಿ ಇಳಿದರೆ ತೆಳ್ಳಗಿನ ಎಪ್ಪತ್ತು ದಾಟಿದ ಒಬ್ಬರು ತಟ್ಟೆ ಹಿಡಿದು ನನಗಾಗಿ ನಿಂತಿದ್ದರು.

"ಯಾವೂರಮ್ಮ?"

"ಮೈಸೂರು ಅಂಕಲ್."

"ಮೈಸೂರಲ್ಲಿ ಎಲ್ಲಿ? ಅಪ್ಪ ಏನ್ ಮಾಡ್ತಿದ್ರು? ತಾಯಿ ಕಡೆ?"

ಅಮ್ಮ ಮಳವಳ್ಳಿಯವಳು ಅಂದಕೂಡಲೇ ಅವರ ಮುಖ ಅರಳಿತು. ಅಲ್ಲಿಗೆ ನಾನು ಗೊತ್ತಿಲ್ಲದವಳಲ್ಲ. ನಾಲ್ಕು ಪ್ರಶ್ನೆಗೆ ಮನುಷ್ಯರನ್ನು ಮನೆಯೊಳಗೆ ಕರೆದುಕೊಳ್ಳುವುದು ನಮ್ಮ ಕಡೆಯ ರೂಢಿ. ನನ್ನ ಮುನ್ಷಿಯೂ ಊರೊಳಗೆ ಕಾಲಿಡುತ್ತಿದ್ದದ್ದು ಹೀಗೇ ಎಂದು ನನಗೆ ಗೊತ್ತಿತ್ತು. ಅದನ್ನು ಪ್ರಬಂಧದಲ್ಲಿ ಬಹಳ ಚೆನ್ನಾಗಿ ಬರೆದಿದ್ದೆ ಕೂಡ.

ಮಾರನೆಯ ದಿನ ಅಂಕಲ್ ಮನೆಗೆ ಊಟಕ್ಕೆ ಹೋದೆ. ಮೂವತ್ತೈದು ವರ್ಷ ಅಡಿಲೇಡಿನಲ್ಲಿ ಡಾಕ್ಟರಾಗಿದ್ದವರು, ನಿವೃತ್ತರು. ಆಂಟಿ ಹೋಗಿ ಆರು ವರ್ಷವಾಗಿತ್ತು. ಒಬ್ಬಳೇ ಮಗಳು, ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್‌ನಲ್ಲಿ ಅವಳೂ ಡಾಕ್ಟರು. ಅಂಕಲ್ ತಾವೇ ಬಸ್ಸಾರು ಮಾಡಿದ್ದರು. ಖಾರ ವಿಪರೀತವಾಗಿತ್ತು, ಚೆನ್ನಾಗಿದೆ ಅಂದೆ. ಊಟವಾದ ಮೇಲೆ ಅವರು ಕಥೆ ಹೇಳಿದರು.

ಅವರ ವಂಶದ ಹಿರಿಯನೊಬ್ಬ ಸುಲ್ತಾನನ ಹರಿಕಾರನಾಗಿದ್ದನಂತೆ. ಆರು ತಲೆಮಾರು ಹಿಂದಿನವನು. ಅಂಕಲ್ ಮಾತ್ರ ನಿನ್ನೆ ಮೊನ್ನೆ ಕಂಡವರ ಹಾಗೆ "ನಮ್ಮ ತಾತ" ಅನ್ನುತ್ತಿದ್ದರು. ಕುಂಪಣಿಯವರು ಅವನನ್ನು ಹಿಡಿದು, ಸುಲ್ತಾನನ ಪಟ್ಟಣದ ಕೋಟೆಯ ಗುಟ್ಟು ಹೇಳು ಎಂದು ಚಿತ್ರಹಿಂಸೆ ಕೊಟ್ಟರು. ಅವನು ಪ್ರಾಣ ಬಿಟ್ಟ, ಬಾಯಿ ಬಿಡಲಿಲ್ಲ.

"ನನ್ ಮಗಳಿಗೆ ಚಿಕ್ಕೋಳಿದ್ದಾಗಿಂದ ಇದೇ ಕಥೆ ಹೇಳಿ ಮಲಗಿಸ್ತಿದ್ದೆ. ಸ್ಕೂಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರೆ, ನೀನು ಆ ತಾತನ ಮನೆಯೋಳು ಕಣೆ ಅಂತಿದ್ದೆ," ಅಂದರು. "ಅವ್ರು ಎಲ್ಲಾ ಬರ್ದಿಟ್ಕೊಳ್ತಿದ್ರು ಅಂತ ನೀನೇ ಹೇಳ್ದಲ್ಲ. ಇವನು ಏನೂ ಹೇಳ್ಲಿಲ್ಲ ಅಂತಾನೂ ಬರ್ದಿರ್ತಾರೆ. ಅದೊಂದು ಸಾಲು ನನಗೆ ಹುಡುಕ್ಕೊಡು ಮಗು."

ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ ಮುಂದಿಟ್ಟೆ. ಎಂಟು ಪುಟ. ನೀವು ಹೇಳಿದ್ದನ್ನು ನಾನು ಸಂಶೋಧನೆಗೆ ಬಳಸಬಹುದು, ಸಭೆಗಳಲ್ಲಿ ಮಂಡಿಸಬಹುದು ಎಂದೆಲ್ಲ ಅದರಲ್ಲಿತ್ತು. ಅಂಕಲ್ ತಿರುವಿ ಕೂಡ ನೋಡದೆ ಕೊನೆಯ ಪುಟಕ್ಕೆ ಸಹಿ ಹಾಕಿದರು. ನನ್ನ ಎದುರಿಗೆ ಕೂತು ಓದಿದರೆ ನನ್ನನ್ನು ಅನುಮಾನಿಸಿದ ಹಾಗಾಗುತ್ತದೆ ಎಂದು ಅವರ ಲೆಕ್ಕ. ಓದಿ ಅಂಕಲ್ ಎಂದು ನಾನೂ ಬಲವಂತ ಮಾಡಲಿಲ್ಲ.

ಹರಿಕಾರ ಸಿಕ್ಕಿದ್ದು ಏಳು ತಿಂಗಳಾದ ಮೇಲೆ, ಬೆಂಟ್ಲಿಯ ಲೈಬ್ರರಿಯಲ್ಲಿ, ಒಂದು ಮಂಗಳವಾರ ಮಧ್ಯಾಹ್ನ. ಕುಂಪಣಿಯ ಕಾಗದಗಳ ಫೋಟೋಗಳನ್ನು ಪರದೆಯ ಮೇಲೆ ಒಂದೊಂದಾಗಿ ಸರಿಸುತ್ತಿದ್ದೆ. ಸೆರೆ ಸಿಕ್ಕವರ ಹೇಳಿಕೆಗಳ ಕಂತೆ. ಊರು ಅದೇ, ಅಂಕಲ್ ಹೇಳಿದ್ದ ಹರಿಕಾರನ ಅಪ್ಪನ ಹೆಸರು ಅದೇ, ಮನೆತನದ ಹೆಸರೂ ಅದೇ. ಬರೆದುಕೊಂಡವನು ನನ್ನ ಮುನ್ಷಿ. ತಲೆಕಟ್ಟು ಬಲಕ್ಕೆ ಎಳೆದಿತ್ತು. ಆದರೆ ಅದು ಒಂದು ಸಾಲಾಗಿರಲಿಲ್ಲ. ನಾಲ್ಕು ಪುಟ ಇತ್ತು.

ಆ ಮನುಷ್ಯ ಎಲ್ಲ ಹೇಳಿದ್ದ. ಬಾಗಿಲು ಎಷ್ಟು, ಯಾವುದರ ಕಾವಲು ಯಾವ ಹೊತ್ತಿಗೆ ಬದಲಾಗುತ್ತದೆ, ಹೊಳೆ ಎಲ್ಲಿ ಮೊಣಕಾಲಿನವರೆಗೆ ಮಾತ್ರ ಬರುತ್ತದೆ, ಮದ್ದಿನ ಮನೆಯ ಹಿಂದಿನ ಗೋಡೆ ಎಲ್ಲಿ ಬಿರುಕು ಬಿಟ್ಟಿದೆ. ಕೇಳದೇ ಇದ್ದದ್ದನ್ನೂ ಹೇಳಿದ್ದ. ಹಿಂದೆ ಹೇಳಿದ್ದರಲ್ಲಿ ತಪ್ಪಿದೆ ಎಂದು ತಾನೇ ತಿದ್ದಿದ್ದ. ಕೊನೆಯಲ್ಲಿ ಒಂದು ಕೋರಿಕೆ: ಊರು ಖಾಲಿ ಮಾಡಿಸಿದಾಗ ತನ್ನ ಮಗಳು ಕುಂಪಣಿಯ ದಂಡಿನ ಕೈಗೆ ಸಿಕ್ಕಿದ್ದಾಳೆ, ಬಸುರಿ, ಅವಳನ್ನು ಬಿಡಬೇಕು.

ನನಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಡುವುದಿಲ್ಲ. ಇಷ್ಟು ವಿವರವಾದ ಹೇಳಿಕೆ, ಅದೂ ಮುನ್ಷಿಯ ಕೈಯಲ್ಲಿ, ನನ್ನ ಕ್ಷೇತ್ರದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಎದ್ದು ಹೋಗಿ ಒಂದು ಕಾಫಿ ತಂದು ಕುಡಿದೆ. ಅರ್ಧ ಕುಡಿದ ಮೇಲೆ ಅಂಕಲ್ ನೆನಪಾದರು.

ಆಗಲೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ನಮ್ಮಲ್ಲಿ ಕೆಟ್ಟ ಸುದ್ದಿಯನ್ನು ಯಾರೂ ಹಾಗೆ ನೇರವಾಗಿ ಹೇಳುವುದಿಲ್ಲ. ಸತ್ತಿದ್ದಾರೆ ಅನ್ನುವುದಿಲ್ಲ, ಸ್ವಲ್ಪ ಸೀರಿಯಸ್ಸು, ಬಂದು ನೋಡ್ಕೊಂಡು ಹೋಗಿ ಅನ್ನುತ್ತೇವೆ. ಬಂದವರಿಗೆ ಮೊದಲು ಎರಡು ತುತ್ತು ತಿನ್ನಿಸುತ್ತೇವೆ, ಆಮೇಲೆ ಹೊಟ್ಟೆಗೆ ಇಳಿಯುವುದಿಲ್ಲವಲ್ಲ ಎಂದು. ನನ್ನ ಅಜ್ಜಿ ಹೋದಾಗ ಅಮ್ಮನಿಗೂ ಹೀಗೇ ಮಾಡಿದ್ದೆವು. ಹಾಗಾಗಿ ಅಡಿಲೇಡಿಗೆ ಹೋಗಿ, ಎದುರಿಗೆ ಕೂತು, ಊಟ ಆದ ಮೇಲೆ ಸಮಾಧಾನವಾಗಿ ಹೇಳೋಣ ಎಂದು ತೀರ್ಮಾನಿಸಿದೆ. ಮುಂದಿನ ತಿಂಗಳು ಬ್ರಿಸ್ಬೇನಿನ ವಿಚಾರ ಸಂಕಿರಣದಲ್ಲಿ ಪ್ರಬಂಧ ಓದುವುದಿತ್ತು. ವಾಪಸು ಬರುವಾಗ ಅಡಿಲೇಡಿನಲ್ಲಿ ಇಳಿಯುವಂತೆ ಟಿಕೆಟ್ ಮಾಡಿಸಿದೆ. ಮೊದಲು ಬ್ರಿಸ್ಬೇನ್, ಆಮೇಲೆ ಅಂಕಲ್. ಆ ಕ್ರಮದಲ್ಲಿ ಏನೋ ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ. ಮರ್ಯಾದಸ್ಥರು ಮಾಡುವುದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ನಡುವೆ ಅಂಕಲ್ ಎರಡು ಸಲ ಫೋನ್ ಮಾಡಿದರು.

"ಸಿಕ್ಕಿದ್ನಾ ನಮ್ಮ ತಾತ?"

"ಹುಡುಕ್ತಾ ಇದ್ದೀನಿ ಅಂಕಲ್. ಬಂದು ಹೇಳ್ತೀನಿ."

"ಬ್ರಿಸ್ಬೇನಿಗೆ ಹೋಗ್ತಿದ್ದೀನಿ ಅಂದ್ಯಲ್ಲ. ನನ್ ಮಗಳಿಗೆ ಹೇಳ್ತೀನಿ, ಬಂದು ಕೂತ್ಕೋತಾಳೆ. ನಮ್ಮನೆ ಪರವಾಗಿ ಒಬ್ರಾದ್ರೂ ಇರ್ಬೇಕಲ್ಲ."

ಬೇಡ ಅಂಕಲ್, ಅವರಿಗೆ ಡ್ಯೂಟಿ ಇರುತ್ತೆ ಎಂದು ತಡವರಿಸಿದೆ. ಅವಳು ಬರುವುದಿಲ್ಲ ಎಂದೇ ನಂಬಿದ್ದೆ.

ಬಂದಳು. ಹಿಂದಿನ ಸಾಲಿನಲ್ಲಿ ಕೂತಳು, ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಐವತ್ತು ಜನರ ಮುಂದೆ ನಾನು ಹರಿಕಾರನ ನಾಲ್ಕು ಪುಟ ಬಿಡಿಸಿಟ್ಟೆ. ಹೆಸರು ಹೇಳಲಿಲ್ಲ, ಊರಿನ ಹೆಸರು ಹೇಳಿದೆ. ಕೇಳಿದ್ದಕ್ಕಿಂತ ಹೆಚ್ಚಾಗಿ ಹೇಳಿದವನು, ಗೆಲ್ಲುವವರ ಕಡೆ ಸೇರುವ ಆತುರದಲ್ಲಿದ್ದವನು ಎಂದು ವಿವರಿಸಿದೆ. ಮಗಳ ವಿಷಯವನ್ನು ಅರ್ಧ ವಾಕ್ಯದಲ್ಲಿ ಮುಗಿಸಿದೆ. ಮುನ್ಷಿಯ ತಾಳ್ಮೆಯನ್ನು, ಪ್ರಶ್ನೆ ಕೇಳುವ ಜಾಣತನವನ್ನು ಹೊಗಳಿದೆ. ಚಪ್ಪಾಳೆ ಚೆನ್ನಾಗಿ ಬಿತ್ತು. ಹಿಂದಿನ ಸಾಲಿನಲ್ಲಿ ಅವಳು ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು ಕೂತಿದ್ದು ಕಾಣುತ್ತಿತ್ತು.

ಆಮೇಲೆ ಹತ್ತಿರ ಬಂದು ಕೈ ಕುಲುಕಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಬಹಳ ಚೆನ್ನಾಗಿತ್ತು, ಅಪ್ಪನಿಗೆ ಪೂರ್ತಿ ರೆಕಾರ್ಡ್ ಮಾಡಿ ಕಳಿಸಿಬಿಟ್ಟೆ ಅಂದಳು. ಊರಿನ ಹೆಸರು ಅವಳಿಗೆ ಗುರುತು ಸಿಕ್ಕಿರಲಿಲ್ಲ. ಅವಳ ತಾತ ಬಾಯಿ ಬಿಡದವನು, ಇವನು ಅವಳ ಪಾಲಿಗೆ ಬೇರೆ ಯಾವನೋ ಹರಿಕಾರ. ಅದೇ ಉಸಿರಿನಲ್ಲಿ ಇನ್ನೊಂದು ವಿಷಯವನ್ನೂ ಹೇಳಿದಳು. ಅಪ್ಪನಿಗೆ ಮೇದೋಜೀರಕದ ಕ್ಯಾನ್ಸರ್, ಎರಡು ತಿಂಗಳ ಹಿಂದೆ ಗೊತ್ತಾಯಿತು, ಹೆಚ್ಚು ದಿನ ಇಲ್ಲ. ನಿಮಗೆ ಅಪ್ಪನೇ ಹೇಳಿರಬೇಕು ಅಂದುಕೊಂಡೆ, ಅಂದಳು.

ಹೇಳಿರಲಿಲ್ಲ. ಅವರೂ ನಮ್ಮವರೇ ತಾನೇ. ನಾನು ಬರಲಿ, ಉಣ್ಣಲಿ, ಆಮೇಲೆ ಹೇಳೋಣ ಎಂದು ಕಾಯುತ್ತಿದ್ದರು.

ಊಟದ ಬಿಡುವಿನಲ್ಲಿ ಅಂಕಲ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಐದು ಸಲ ಮಾಡಿದೆ. ಸಂಜೆಗೆ ಒಂದು ಮೆಸೇಜು ಬಂತು, ಒಂದೇ ಪದ: ಕೇಳಿದೆ.

ಅಡಿಲೇಡಿನಲ್ಲಿ ಬಾಗಿಲು ತೆರೆದವರು ಅರ್ಧ ಆಗಿದ್ದರು. ಶರ್ಟಿನ ಕಾಲರಿನೊಳಗೆ ಕುತ್ತಿಗೆ ಇದ್ದೂ ಇಲ್ಲದ ಹಾಗಿತ್ತು. "ಬನ್ನಿ, ಕೂತ್ಕೊಳ್ಳಿ," ಅಂದರು. ಇಷ್ಟು ತಿಂಗಳು ಮಗು ಎಂದು ಕರೆದವರ ಆ ಮರ್ಯಾದೆಗೆ ನನಗೆ ಅಳು ಬಂತು. ತಪ್ಪಾಯ್ತು ಅಂಕಲ್ ಅಂದೆ.

"ನೀವು ಓದಿದ್ದು ಸುಳ್ಳು ಅಂತ ನಾನೇನ್ ಹೇಳಲ್ಲ. ಇದ್ದದ್ದು ಇದ್ದ ಹಾಗಿರುತ್ತೆ," ಅಂದರು. "ಆದ್ರೆ ಐವತ್ತು ಜನರ ಮುಂದೆ ಹೇಳಕ್ಕೆ ಬಾಯಿ ಬಂತು. ನನಗೆ ಫೋನಲ್ಲಿ ಹೇಳಕ್ಕೆ ಬರ್ಲಿಲ್ಲ."

"ಎದುರಿಗೆ ಬಂದು ಹೇಳೋಣ ಅಂತಿದ್ದೆ ಅಂಕಲ್. ನಿಮಗೆ ನೋವಾಗ್ಬಾರ್ದು ಅಂತ."

"ನೋವಾಗ್ಬಾರ್ದು ಅಂತಾನಾ, ನಿಮ್ಮ ಭಾಷಣ ಕೆಡಬಾರ್ದು ಅಂತಾನಾ?"

ಎರಡೂ ನಿಜವಾಗಿತ್ತು. ಆ ಎರಡರಲ್ಲಿ ಯಾವುದು ಎಷ್ಟು ಎಂದು ಇವತ್ತಿಗೂ ನನಗೆ ತಿಳಿಯದು. ಮೊದಲೇ ಹೇಳಿದ್ದರೆ ಅವರು ಬೇಡ ಅನ್ನಬಹುದಿತ್ತು. ಬೇಡ ಅಂದಿದ್ದರೆ ನನ್ನ ಪ್ರಬಂಧ ಹೋಗುತ್ತಿತ್ತು.

ಅಂಕಲ್ ಕಿಟಕಿಯ ಕಡೆ ತಿರುಗಿದರು. ಆಮೇಲೆ ಕೇಳಿದರು, "ಆ ಮಗಳು ಏನಾದ್ಲು?"

"ಯಾರು ಅಂಕಲ್?"

"ಅವನ ಮಗಳು. ಬಸುರಿ ಅಂದ್ರಲ್ಲ. ಬಿಟ್ರಾ ಅವಳನ್ನ?"

ನಾನು ನೋಡಿರಲಿಲ್ಲ. ಕೋಟೆ ಬಾಗಿಲು, ಹೊಳೆ, ಮದ್ದಿನ ಮನೆ, ಎಲ್ಲವನ್ನೂ ಬೇರೆ ಕಾಗದಗಳ ಜೊತೆ ತಾಳೆ ನೋಡಿದ್ದೆ. ಮಗಳು ನನ್ನ ವಿಷಯಕ್ಕೆ ಬರುತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಂಡೆ.

"ನೋಡಿ ಹೇಳಿ," ಅಂದರು. "ಬೇಗ ನೋಡಿ." ಅವತ್ತು ಆ ಮನೆಯಲ್ಲಿ ನನಗೆ ಊಟ ಹಾಕಲಿಲ್ಲ. ಅವರ ಕೈಯಲ್ಲಿ ಆಗುತ್ತಲೂ ಇರಲಿಲ್ಲ.

ಬೆಂಟ್ಲಿಗೆ ಬಂದವಳು ಹದಿನಾರು ದಿನ ಹುಡುಕಿದೆ. ಸರ್ವೋಗೆ ರಜೆ ಹೇಳಿದೆ. ಸಿಕ್ಕಿದ್ದು ಅದೇ ಕಂತೆಯ ಹಿಂದೆ ಹೊಲಿದಿದ್ದ ಕರಡು ಹಾಳೆಗಳಲ್ಲಿ. ಇಂಗ್ಲಿಷಿಗೆ ಹೋಗದ ಕನ್ನಡದ ಚೂರುಪಾರುಗಳು ಎಂದು ನಾನೇ ಪಕ್ಕಕ್ಕಿಟ್ಟಿದ್ದೆ. ದಂಡಿನಲ್ಲಿ ಹಿಡಿದಿಟ್ಟಿದ್ದ ಊರವರಲ್ಲಿ ವಾಂತಿಭೇದಿಯಿಂದ ಸತ್ತವರ ಪಟ್ಟಿ. ಅದರಲ್ಲಿ ಒಂದು ಸಾಲು: ಇಂಥ ಹರಿಕಾರನ ಮಗಳು, ಬಸುರಿ. ಮುಂದೆ ತಿಥಿ. ಅಪ್ಪನ ಹೇಳಿಕೆ ಬರೆದುಕೊಂಡದ್ದಕ್ಕೆ ಮೂರು ದಿನ ಮೊದಲು.

ಸಾಲಿನ ಮೇಲೆ ತಲೆಕಟ್ಟು ಬಲಕ್ಕೆ ಎಳೆದಿತ್ತು.

ಲೈಬ್ರರಿಯಿಂದ ಎದ್ದು ಹೊರಗೆ ಬಂದು ಒಂದು ಕಲ್ಲು ಬೆಂಚಿನ ಮೇಲೆ ಕೂತೆ. ಪರೀಕ್ಷೆ ಮುಗಿಸಿದ ಹುಡುಗರು ಹುಲ್ಲಿನ ಮೇಲೆ ಚೆಂಡಾಡುತ್ತಿದ್ದರು. ಮೂರು ವರ್ಷ ನಾನು ಯಾರ ಪರವಾಗಿ ಜಗಳ ಕಾದಿದ್ದೆನೋ ಆ ಮನುಷ್ಯ ತನ್ನ ಕೈಯಾರೆ ಅವಳ ಸಾವನ್ನು ಬರೆದು, ಮೂರನೆಯ ದಿನ ಅವಳ ಅಪ್ಪನ ಎದುರಿಗೆ ಕೂತು ಪ್ರಶ್ನೆ ಕೇಳಿದ್ದ. ಬಾಗಿಲು ಎಷ್ಟು? ಹೊಳೆ ಎಲ್ಲಿ ದಾಟಬಹುದು? ಕೊನೆಗೆ ಅಪ್ಪ ಮಗಳನ್ನು ಬಿಡಿ ಎಂದು ಬೇಡಿದಾಗ ಅದನ್ನೂ ದುಂಡಗೆ ಬರೆದುಕೊಂಡಿದ್ದ. ಅವನ ಮೇಲೆ ನನಗೆ ಬಂದ ಸಿಟ್ಟು ಯಾರ ಮೇಲೂ ಬಂದಿರಲಿಲ್ಲ. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವನು ಏನೆಂದುಕೊಂಡಿರಬಹುದು ಎಂದು ನನಗೆ ಗೊತ್ತಿತ್ತು. ಈ ಕೆಲಸ ಮುಗಿಯಲಿ, ಎರಡು ತುತ್ತು ಉಣ್ಣಲಿ, ಆಮೇಲೆ ಸಮಾಧಾನವಾಗಿ ಹೇಳೋಣ.

ಈ ಸಲ ಅಂಕಲ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ಮಗಳು ಎತ್ತಿದಳು, ರಜೆ ಹಾಕಿ ಅಪ್ಪನ ಜೊತೆಗೇ ಇದ್ದಳು. ಫೋನಿನಲ್ಲಿ ಮಾತಾಡುವಷ್ಟು ಶಕ್ತಿ ಅವರಿಗಿಲ್ಲ, ಬರುವುದಾದರೆ ಬೇಗ ಬನ್ನಿ ಅಂದಳು. ಮಾರನೆಯ ದಿನ ಹೊರಟೆ.

ನಾನು ಹೋಗಿ ತಲುಪಿದಾಗ ಮಧ್ಯಾಹ್ನ. ಅಂಕಲ್ ಮನೆಯ ಹಾಲ್‌ನಲ್ಲಿ ಹಾಕಿದ್ದ ಆಸ್ಪತ್ರೆ ಮಂಚದ ಮೇಲೆ ಒರಗಿದ್ದರು. ಮಗಳು ಬಟ್ಟಲಿನಲ್ಲಿ ಮೆತ್ತಗೆ ಕಲಸಿದ ಮೊಸರನ್ನ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಈಗ ಒಪ್ಪಿಕೊಂಡಿದ್ದಾರೆ ಎಂದು ಮೆಲ್ಲಗೆ ಹೇಳಿದಳು. ನಾನು ಕುರ್ಚಿ ಎಳೆದುಕೊಂಡು ಕೂತೆ. ಪ್ರಯಾಣ ಹೇಗಾಯ್ತು, ಪರ್ತ್‌ನಲ್ಲಿ ಬಿಸಿಲು ಹೇಗಿದೆ ಎಂದು ನಾನೇ ಕೇಳಿಕೊಂಡು ನಾನೇ ಉತ್ತರ ಹೇಳುತ್ತಿದ್ದೆ. ಮೊದಲ ಚಮಚ ತುಟಿಯವರೆಗೆ ಹೋಯಿತು. ಅಂಕಲ್ ಬಾಯಿ ತೆರೆಯದೆ ನನ್ನನ್ನೇ ನೋಡಿದರು.

"ಊಟ ಆಗ್ಲಿ ಅಂತ ಕಾಯ್ತಿದ್ದೀಯಾ?"

ನನ್ನ ಕಣ್ಣು ಕೆಳಗಾಯಿತು.

"ಹಾಗಾದ್ರೆ ಹೋಗಿದ್ಲು," ಅಂದರು.

ಆಮೇಲೆ ಎಲ್ಲ ಹೇಳಿದೆ. ವಾಂತಿಭೇದಿ, ತಿಥಿ, ಮೂರು ದಿನ. ಎರಡನ್ನೂ ಬರೆದದ್ದು ಒಂದೇ ಕೈ ಅನ್ನುವುದನ್ನೂ. ಆ ಕೈ ಯಾರದು, ನಾನು ಅವನನ್ನು ಎಷ್ಟು ಮೆಚ್ಚಿಕೊಂಡಿದ್ದೆ ಅನ್ನುವುದನ್ನೂ ಬಿಡಲಿಲ್ಲ. ಮಗಳು ಬಟ್ಟಲು ಕೆಳಗಿಟ್ಟಳು. ಅಂಕಲ್ ಕಣ್ಣು ಮುಚ್ಚಿಕೊಂಡಿದ್ದರು.

"ಇಲ್ಲಿಗೆ ಬಂದ ಹೊಸದು," ಅಂದರು. ಪ್ರತಿ ಮಾತಿಗೂ ಉಸಿರು ತೆಗೆದುಕೊಳ್ಳಬೇಕಿತ್ತು. "ಕ್ಯಾಷುಯಲ್ಟೀಲಿದ್ದೆ. ಒಂದು ಹೆಣ್ಮಗು, ಆಸ್ತಮಾ. ಆಂಬುಲೆನ್ಸಲ್ಲಿ ತಂದ್ರು, ಅಪ್ಪ ಹಿಂದೆ ಕಾರಲ್ಲಿ ಬಂದ. ಅವನು ಬರೋಷ್ಟ್ರಲ್ಲಿ ಮಗು ಹೋಗ್ಬಿಟ್ಟಿತ್ತು. ನನಗೆ ಫಾರಂ ತುಂಬ್ಬೇಕಿತ್ತು. ಏನ್ ತಿಂದ್ಲು, ಯಾವ ಮಾತ್ರೆ, ಎಷ್ಟೊತ್ತಿಗೆ ಶುರುವಾಯ್ತು. ಒಂದ್ಸಲ ಹೇಳ್ಬಿಟ್ರೆ ಆಮೇಲೆ ಅವರ ಬಾಯಿಂದ ಏನೂ ಬರಲ್ಲ ಅಂತ ಗೊತ್ತು. ಮೊದಲು ಕೇಳ್ಕೊಂಡೆ."

ಮಗಳು ಅಪ್ಪನ ಮುಖ ನೋಡುತ್ತಿದ್ದಳು. ಅವಳೂ ಇದನ್ನು ಮೊದಲ ಸಲ ಕೇಳುತ್ತಿದ್ದಳು ಎಂದು ಕಾಣುತ್ತದೆ.

"ಹತ್ತು ನಿಮಿಷ ಹೇಳ್ದ. ಅಲ್ಲ ಡಾಕ್ಟ್ರೆ, ಆ ಮಾತ್ರೆ ಎಂಟಕ್ಕಲ್ಲ, ಎಂಟೂ ಕಾಲಿಗೆ ಕೊಟ್ಟಿದ್ದು ಅಂತ ತಿದ್ದಿ ತಿದ್ದಿ ಹೇಳ್ದ. ನಾನು ಕೇಳ್ದೇ ಇದ್ದಿದ್ದೂ ಹೇಳ್ದ. ಯಾಕ್ ಗೊತ್ತಾ? ಸರಿಯಾಗಿ ಹೇಳಿದ್ರೆ ಮಗಳು ಉಳೀತಾಳೆ ಅಂದ್ಕೊಂಡಿದ್ದ." ಕಣ್ಣು ತೆರೆದು ನನ್ನನ್ನು ನೋಡಿದರು. "ನಾಲ್ಕು ಪುಟ ಸುಮ್ನೆ ಆಗಲ್ಲ ಕಣಮ್ಮ."

ಗೆಲ್ಲುವವರ ಕಡೆ ಸೇರುವ ಆತುರ ಎಂದು ನಾನು ಐವತ್ತು ಜನರ ಮುಂದೆ ಓದಿದ್ದೆ. ಚಪ್ಪಾಳೆಯೂ ಬಿದ್ದಿತ್ತು. ನನಗೆ ಅಲ್ಲಿ ಕೂತಿರಲು ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. ಅಂಕಲ್ ಮಂಚದ ಕಂಬಿ ಹಿಡಿದು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ನನ್ನ ಅಳು ನಿಲ್ಲುವವರೆಗೆ ಕಾದರು, ಅಷ್ಟೇ.

"ಇದನ್ನ ಬಿಟ್ಬಿಡ್ತೀನಿ ಅಂಕಲ್. ಥೀಸಿಸ್‌ನಿಂದ ತೆಗೆದ್ಬಿಡ್ತೀನಿ."

"ತೆಗೀಬೇಡ. ಅವನು ಹೇಳ್ದ ಅಂತ ಬರಿ. ಎಲ್ಲಾ ಹೇಳ್ದ ಅಂತಾನೇ ಬರಿ." ಕೈ ಎತ್ತಲು ನೋಡಿದರು, ಆಗಲಿಲ್ಲ. "ಆದ್ರೆ ಮೊದಲು ಅವಳು ಸತ್ತಿದ್ದು ಬರಿ. ಓದೋರಿಗೆ ಮೊದಲು ಅದು ಗೊತ್ತಾಗ್ಲಿ. ಬಾಗಿಲು, ಹೊಳೆ, ಅದೆಲ್ಲ ಆಮೇಲೆ."

ಮೊಸರನ್ನ ಹಾಗೇ ಉಳಿಯಿತು. ಸಂಜೆ ಹೊರಡುವಾಗ ಮಗಳು ಬಾಗಿಲವರೆಗೆ ಬಂದಳು. ಅಪ್ಪ ಹೇಳಿದ ಆ ಮಗುವಿನ ಹೆಸರು ಅವರಿಗೆ ನೆನಪಿರಬಹುದೇ ಎಂದು ನನ್ನನ್ನೇ ಕೇಳಿದಳು. ಕೇಳಿ ನೋಡಿ ಅಂದೆ. ಕೇಳಲು ಅವಳಿಗೆ ಆಯಿತೋ ಇಲ್ಲವೋ ಗೊತ್ತಿಲ್ಲ. ಹನ್ನೊಂದು ದಿನಕ್ಕೆ ಅಂಕಲ್ ಹೋದರು.

ಪ್ರಬಂಧದ ಆ ಅಧ್ಯಾಯವನ್ನು ಮೂರು ಸಲ ಬರೆದೆ. ಮಾರ್ಗದರ್ಶಕಿ ಒಳ್ಳೆಯವರು, ಪೂರ್ತಿ ಓದಿದರು. ಆಮೇಲೆ, ಮಗಳು ಸತ್ತ ಈ ಸಾಲನ್ನು ಅಧ್ಯಾಯದ ಕೊನೆಗೆ ಇಟ್ಟರೆ ಓದುಗರಿಗೆ ಹೆಚ್ಚು ತಟ್ಟುತ್ತದೆ, ಮೊದಲೇ ಹೇಳಿಬಿಟ್ಟರೆ ಅವನ ಹೇಳಿಕೆಯನ್ನು ಯಾರೂ ತಣ್ಣಗೆ ಓದಲಾರರು ಅಂದರು. ಹೌದು, ಓದಲಾರರು ಅಂದೆ. ಸಾಲನ್ನು ಕದಲಿಸಲಿಲ್ಲ. ಅಧ್ಯಾಯ ಈಗ ಹೀಗೆ ಶುರುವಾಗುತ್ತದೆ: ಮುನ್ಷಿ ಮೊದಲ ಪ್ರಶ್ನೆ ಕೇಳುವ ಹೊತ್ತಿಗೆ ಈ ಮನುಷ್ಯನ ಮಗಳು ಸತ್ತು ಮೂರು ದಿನವಾಗಿತ್ತು, ಕೇಳುತ್ತಿದ್ದವನಿಗೆ ಅದು ಗೊತ್ತಿತ್ತು, ಅವಳ ಅಪ್ಪನಿಗೆ ಹೇಳಿರಲಿಲ್ಲ.